ಅನ್ಯದೇಶ್ಯ ಮತ್ತು ಅನ್ಯಕೋಮು

ನವೆಂಬರ್ ಬಂತೆಂದರೆ ನಮ್ಮ ಊರುಗಳ ವೃತ್ತಗಳಲ್ಲಿ ಕನ್ನಡಕ್ಕೆ ಸುಗ್ಗಿ. ಕಂಬಕ್ಕೊಂದು ಫ್ಲೆಕ್ಸು, ಫ್ಲೆಕ್ಸಿಗೊಬ್ಬ ನಾಯಕ, ನಾಯಕನ ಕಾಲಬುಡದಲ್ಲಿ 'ರಾಜ್ಯೋತ್ಸವದ ಹಾರ್ಧಿಕ ಶುಭಾಷಯಗಳು'. ಹಾರ್ದಿಕಕ್ಕೆ ಬೇಡದ ಉಸಿರು ಸೇರಿದೆ. ಶುಭಾಶಯದಲ್ಲಿ ಆಶಯ ಎದ್ದು ಹೋಗಿ ಭಾಷೆಯಂಥದ್ದೇನೋ ಬಂದು ಕೂತಿದೆ. ಪಕ್ಕದ ಕಲ್ಯಾಣ ಮಂಟಪದ ಬಾಗಿಲಲ್ಲಿ 'ಆರ್ಶೀವಾದ'. ಅರ್ಕಾವತ್ತು ತನ್ನ ಮನೆ ಬಿಟ್ಟು ಹಿಂದಿನ ಮನೆಗೆ ಹೋಗಿ ಕದ ಹಾಕಿಕೊಂಡಿದೆ. ಹೋಟೆಲಿನ ಫಲಕದಲ್ಲಿ 'ಉಪಹಾರ'. ಉಪಹಾರ ಎಂದರೆ ಕಾಣಿಕೆ, ತಿಂಡಿಗೆ ಉಪಾಹಾರ ಎನ್ನಬೇಕು. ಆದರೆ ಇಡ್ಲಿಯನ್ನು ಯಾರೂ ಕಾಣಿಕೆಯಾಗಿ ಕೊಟ್ಟಿದ್ದನ್ನು ನಾವು ಕಂಡಿಲ್ಲ. ಹಬ್ಬ ಯಾರದ್ದಾದರೇನು, ಮುದ್ರಿಸುವ ಅಂಗಡಿ ಒಂದೇ. ಹಾಗಾಗಿ ಈದ್ ಮಿಲಾದ್‌ಗೂ ಅದೇ 'ಹಾರ್ಧಿಕ ಶುಭಾಷಯಗಳು'. ತಪ್ಪು ಕಾಗುಣಿತದ ವಿಷಯದಲ್ಲಾದರೂ ನಾಡಿನಲ್ಲಿ ಸೌಹಾರ್ದ ಪರಿಪೂರ್ಣವಾಗಿದೆ.

ಇಂಥ ತಪ್ಪುಗಳ ಪಟ್ಟಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ಆ ಕೆಲಸವನ್ನು ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ, ಎಷ್ಟೋ ತಾಳ್ಮೆಯಿಂದ ಮಾಡಿದ್ದಾರೆ. ಅವರು ಒಬ್ಬ ಓದುಗನನ್ನೂ ಗದರಿಸಿದಂತೆ ಕಾಣುವುದಿಲ್ಲ. ನಮಗೆ ಆ ತಾಳ್ಮೆಯೂ ಇಲ್ಲ, ಆ ವಿದ್ವತ್ತೂ ಇಲ್ಲ. ಇರುವುದು ಒಂದು ತುರಿಕೆ ಮಾತ್ರ. ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ, ಅನಂತರ ಕನ್ನಡ ಶಾಲೆಯಲ್ಲಿ ಅಆಇಈ ಕಲಿತವರಿಗೆ ಬರುವ ತುರಿಕೆ ಅದು. ಪತ್ರಿಕೆ ತೆರೆದರೆ ಒಂದು ಕಣ್ಣು ಕನ್ನಡದ ತಪ್ಪು ಹುಡುಕುತ್ತದೆ, ಇನ್ನೊಂದು ಉರ್ದುವಿನದು. ಈ ತುರಿಕೆಗಳಲ್ಲಿ ಯಾವುದನ್ನು ಕೆರೆದುಕೊಳ್ಳಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಎಂಬುದನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು. ಏಕೆಂದರೆ ಬಿಡಬೇಕಾದದ್ದಕ್ಕೆ ನಾವು ಜಗಳವಾಡುತ್ತಿದ್ದೇವೆ, ಜಗಳವಾಡಬೇಕಾದದ್ದನ್ನು ದಿನವೂ ಓದಿ ಸುಮ್ಮನಿದ್ದೇವೆ.

ಮೊದಲು ನಮ್ಮ ಮನೆಯ ಜಗಳವನ್ನೇ ನೋಡೋಣ. ಪವಿತ್ರ ಗ್ರಂಥದ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು? ಕುರಾನ್, ಖುರಾನ್, ಕೊರಾನ್, ಕುರ್‌ಆನ್, ಖುರ್‌ಆನ್. ಐದೂ ಅಚ್ಚಿನಲ್ಲಿವೆ. 'ಖುರಾನ್' ಕಂಡರೆ ನಮ್ಮ ಕೆಲವು ಮಿತ್ರರು ಸಿಡಿಮಿಡಿಗೊಳ್ಳುತ್ತಾರೆ. ಇದು ಕನ್ನಡ ಪತ್ರಕರ್ತರ ಅಜ್ಞಾನ ಎನ್ನುತ್ತಾರೆ. ಅಜ್ಞಾನ ಅಲ್ಲ. ಆ 'ಖ' ಬಂದದ್ದು ನಮ್ಮ ಬಾಯಿಂದಲೇ. ಅರಬಿಯ 'ಖಾಫ್' ಅಕ್ಷರ ಗಂಟಲಿನ ಆಳದಿಂದ ಹೊರಡುವ 'ಕ'ಕಾರ. ದಖನಿ ಉರ್ದು ಅದನ್ನು ಉಜ್ಜಿದ 'ಖ' ಮಾಡಿಕೊಂಡಿದೆ. ಕಲಮ್ ನಮಗೆ ಖಲಮ್, ಕುರ್ಬಾನಿ ಖುರ್ಬಾನಿ, ಹಕ್ ಹಖ್. ಈಗ ತಾನೇ ನಾವು ಆ ಅಕ್ಷರದ ಹೆಸರನ್ನು 'ಖಾಫ್' ಎಂದು ಬರೆದದ್ದನ್ನೂ ಓದುಗರು ಗಮನಿಸಿರಬಹುದು. ಪಕ್ಕದ ಮನೆಯ ಕನ್ನಡಿಗ ಕೇಳಿಸಿಕೊಂಡದ್ದನ್ನು ಬರೆದ. ಹಾಗೆಯೇ ಕೈದಿ–ಖೈದಿ, ಕಾಜಿ–ಖಾಜಿ ಎರಡೂ ಇವತ್ತಿಗೂ ಓಡಾಡಿಕೊಂಡಿವೆ.

ಇದರಲ್ಲಿ ಒಂದು ಪದ ಮಾತ್ರ ನಮ್ಮನ್ನು ಪ್ರತಿ ಸಲವೂ ನಗಿಸುತ್ತದೆ. ಅದು 'ಖಬರಸ್ಥಾನ'. ಕಬ್ರ್ ಎಂದರೆ ಗೋರಿ, ಖಬರ್ ಎಂದರೆ ಸುದ್ದಿ. ಲಖನೌದ ಕಿವಿಗೆ 'ಖಬರಸ್ತಾನ್' ಎಂದರೆ ಸುದ್ದಿಗಳ ನೆಲೆ. ಪತ್ರಿಕಾ ಕಚೇರಿಗೆ ಇಡಬಹುದಾದ ಹೆಸರು. ಅದರ ಮೇಲೆ ನಮ್ಮ ಗುಮಾಸ್ತರು ಕೊನೆಯ 'ಸ್ತಾನ್'ಗೆ ಸಂಸ್ಕೃತದ ಉಸಿರು ಕೊಟ್ಟು 'ಸ್ಥಾನ' ಮಾಡಿದ್ದಾರೆ. ಶುದ್ಧಿವಾದಿಗಳು ಇದನ್ನು ಎರಡು ತಪ್ಪು ಎಂದು ಎಣಿಸಿಯಾರು. ಆದರೆ ಫಾರ್ಸಿಯ ಸ್ತಾನ್ ಮತ್ತು ಸಂಸ್ಕೃತದ ಸ್ಥಾನ ಒಂದೇ ತಾಯಿಯ ಮಕ್ಕಳು, ಭಾಷಾವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಗುಮಾಸ್ತರು ತಿಳಿಯದೆ ಅಣ್ಣತಮ್ಮಂದಿರನ್ನು ಸೇರಿಸಿದ್ದಾರೆ, ಅದೂ ಗೋರಿಗಳ ನಡುವೆ. ಇದನ್ನು ತಿದ್ದಲು ನಮಗಂತೂ ಮನಸ್ಸಿಲ್ಲ.

ಇನ್ನು 'ಝ'. ಮುಸ್ಲಿಮರು ನಡೆಸುವ ಕನ್ನಡ ಪತ್ರಿಕೆಗಳನ್ನು ದೂರದಿಂದಲೇ ಗುರುತಿಸಬೇಕೆಂದರೆ ಈ ಅಕ್ಷರವನ್ನು ಹುಡುಕಿದರೆ ಸಾಕು. ನಮಾಝ್, ಝಕಾತ್, ರಮಝಾನ್, ಅಝಾನ್. ಉಳಿದ ಕನ್ನಡ ಪತ್ರಿಕೆಗಳು ನಮಾಜು, ಜಕಾತ್, ರಂಜಾನ್ ಎನ್ನುತ್ತವೆ. ಝ ಬರೆದವರಿಗೆ ತಾವು ಸರಿಯಾಗಿ ಬರೆದೆವೆಂಬ ಸಮಾಧಾನ. ಆದರೆ ಕನ್ನಡದ ಝ ಯಾವುದು? ಝರಿಯ ಝ, ಝೇಂಕಾರದ ಝ. ಜ ಅಕ್ಷರದ ಮಹಾಪ್ರಾಣ. ನಮಾಝ್ ಎಂಬುದನ್ನು ಕನ್ನಡ ಬಲ್ಲ ಹುಡುಗ ನಿಷ್ಠೆಯಿಂದ ಓದಿದರೆ ಬರುವ ಉಚ್ಚಾರ ಅರಬಿಗೂ ಸಲ್ಲದು, ಉರ್ದುವಿಗೂ ಸಲ್ಲದು. ಅಂದರೆ ಒಂದು ತಪ್ಪನ್ನು ಬಿಟ್ಟು ಇನ್ನೊಂದು ತಪ್ಪನ್ನು ಹಿಡಿದುಕೊಂಡಿದ್ದೇವೆ, ಅಷ್ಟೆ. ಜ ಕೆಳಗೆ ಚುಕ್ಕಿ ಇಟ್ಟು ಜ಼ ಎಂದು ಬರೆಯುವ ದಾರಿ ಇದೆ. ಚುಕ್ಕಿ ಇಡುವಷ್ಟು ವ್ಯವಧಾನ ಅಚ್ಚುಮನೆಯಲ್ಲಿ ಯಾರಿಗೂ ಇದ್ದಂತಿಲ್ಲ.

ಶುದ್ಧಿಯ ಮಾತಾಡುವವರು ಇನ್ನೂ ಒಂದು ಸಂಗತಿ ಮರೆಯುತ್ತಾರೆ. ಅರಬಿಯಲ್ಲಿ ಜೇ, ಜಾಲ್, ಜಾದ್, ಜೋಯ್ ನಾಲ್ಕೂ ಬೇರೆ ಬೇರೆ ಸದ್ದುಗಳು. ಉರ್ದುವಿನಲ್ಲಿ ಅಕ್ಷರ ನಾಲ್ಕು, ಸದ್ದು ಒಂದೇ. ಉರ್ದು ಶಾಲೆಯ ಮಕ್ಕಳು ಯಾವ ಪದಕ್ಕೆ ಯಾವುದು ಎಂದು ಬಾಯಿಪಾಠ ಮಾಡುವ ಕಷ್ಟ ನಮಗೆ ಗೊತ್ತು. ಕನ್ನಡ ಶಾಲೆಯಲ್ಲಿ ಶ ಷ ಕಲಿಯುವ ಕಷ್ಟ ಅದರ ಮುಂದೆ ಏನೂ ಅಲ್ಲ. ಅಂದರೆ ಉರ್ದು ಕೂಡ ಎರವಲು ತಂದದ್ದನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡಿದೆ. ರಮಜಾನ್‌ನ ಜಾದ್ ಅರಬರ ಬಾಯಲ್ಲಿ ಭಾರವಾದ ಒಂದು ದ-ಡ ನಡುವಿನ ಸದ್ದು. ಫಾರ್ಸಿಯವರು ಅದನ್ನು ಬೇರೆ ಮಾಡಿಕೊಂಡರು, ನಾವು ಅವರಿಂದ ಪಡೆದೆವು, ಕನ್ನಡ ನಮ್ಮಿಂದ ಪಡೆದು ರಂಜಾನ್ ಮಾಡಿತು. ಈಗ ಕೊಲ್ಲಿಯ ದುಡಿಮೆಯ ಜೊತೆ 'ರಮದಾನ್' ಬಂದಿದೆ. ಬರಲಿ. ಆದರೆ ಹಳ್ಳಿಯ ಗೌಡರು ತಲೆತಲಾಂತರದಿಂದ 'ರಂಜಾನ್ ಹಬ್ಬ ಯಾವಾಗ ಸಾಬರೇ' ಎಂದು ಕೇಳಿಕೊಂಡು ಬಂದದ್ದನ್ನು ತಪ್ಪು ಎನ್ನುವ ಎದೆಗಾರಿಕೆ ನಮಗಿಲ್ಲ.

ಮುದಗಲ್ಲಿನ ಕಡೆಯ, ಒಟ್ಟಾರೆ ಉತ್ತರ ಕರ್ನಾಟಕದ ಮೊಹರಂ ಬಲ್ಲವರಿಗೆ 'ರಿವಾಯತ' ಪದಗಳು ಗೊತ್ತು. ಅರಬಿ, ಉರ್ದುಗಳಲ್ಲಿ ರಿವಾಯತ್ ಎಂದರೆ ವರದಿ, ಪರಂಪರೆಯಿಂದ ಬಂದ ಕಥನ. ಕನ್ನಡದಲ್ಲಿ ಅದು ಹಾಡಿನ ಒಂದು ಪ್ರಕಾರ. ಕಟ್ಟಿದವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಈ ಪದವನ್ನು ಮೂಲದ ಅರ್ಥಕ್ಕೆ ಎಳೆದು ತಂದು ಕಟ್ಟಿಹಾಕಿದರೆ ಲಾಭ ಯಾರಿಗೆ?

ಕನ್ನಡ ಹೀಗೆ ತನ್ನದಾಗಿಸಿಕೊಂಡ ಪದಗಳನ್ನು ನೋಡುವುದೇ ಒಂದು ಸಂತೋಷ. ಸಬಬ್ ಎಂದರೆ ಕಾರಣ. ಕನ್ನಡದ ಸಬೂಬು ಎಂದರೆ ಕಾರಣವಲ್ಲದ ಕಾರಣ. ಮಾಮೂಲ್ ಎಂದರೆ ರೂಢಿಯಲ್ಲಿರುವುದು. ಕನ್ನಡದ ಮಾಮೂಲು ಎಂದರೆ ಮೇಜಿನ ಕೆಳಗೆ ದಾಟುವುದು. ಅದೂ ರೂಢಿಯೇ ಆದ್ದರಿಂದ ಅರ್ಥ ಹೆಚ್ಚು ದೂರ ಹೋಗಿಲ್ಲ. ರಜಾ ಎಂದರೆ ಒಪ್ಪಿಗೆ. ಸಾಹೇಬರ ಒಪ್ಪಿಗೆ ಸಿಕ್ಕ ಮೇಲೆ ತಾನೇ ನೌಕರನಿಗೆ ರಜೆ! ಬಗೈರ್ ಹುಕುಮ್ ಎಂದರೆ ಅಪ್ಪಣೆ ಇಲ್ಲದೆ. ಅಪ್ಪಣೆ ಇಲ್ಲದೆ ಉತ್ತ ನೆಲಕ್ಕೆ 'ಬಗರ್ ಹುಕುಂ' ಎಂಬ ಹೆಸರಾಗಿ, ಅದರ ಸಕ್ರಮಕ್ಕೆ ಸಮಿತಿಗಳಾಗಿ, ಚುನಾವಣೆಗಳೇ ಆಗಿಹೋಗಿವೆ. ಎಲ್ಲಕ್ಕಿಂತ ದೊಡ್ಡ ಪದ 'ರೈತ'. ಮೂಲದ ರಅಯ್ಯತ್ ಎಂದರೆ ಆಳಿಸಿಕೊಳ್ಳುವವರು, ಪ್ರಜೆಗಳು. ಆ ತಗ್ಗಿದ ತಲೆಯ ಪದ ಕನ್ನಡಕ್ಕೆ ಬಂದು ನೆಲ ಉಳುವವನ ಹೆಸರಾಯಿತು. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿ, ಹಸಿರು ಟವೆಲ್ ಹೆಗಲೇರಿದ ಮೇಲೆ ಸರ್ಕಾರಗಳು ಹೆದರುವ ಪದವೂ ಆಯಿತು. ಉರ್ದು ಇದನ್ನು ಎಂದೂ ಮಾಡಿರಲಿಲ್ಲ.

ನಮ್ಮ ಉರ್ದು ಕಿವಿಗೆ ಈಗಲೂ ಚುಚ್ಚುವ ಒಂದೇ ಪದವೆಂದರೆ 'ಗೈರು'. 'ಸಭೆಗೆ ಸಚಿವರು ಗೈರು' ಎಂಬ ತಲೆಬರಹ ವಾರಕ್ಕೆರಡು ಬಾರಿ ಬರುತ್ತದೆ. ಗೈರ್ ಎಂದರೆ ಅನ್ಯ, ಪರಕೀಯ, ನಮ್ಮವನಲ್ಲದವನು. ಗೈರುಹಾಜರಿ ಎಂಬ ಇಡೀ ಪದದಲ್ಲಿ ಹಾಜರಿಯನ್ನು ಬಿಸಾಡಿ ಗೈರನ್ನು ಉಳಿಸಿಕೊಂಡಿದ್ದಾರೆ. ಸಚಿವರು ಸಭೆಗೆ ಅನ್ಯರು ಎಂದು ಓದಿಕೊಂಡರೆ ಅದೂ ಬಹುಪಾಲು ನಿಜವೇ ಆಗಿರುವುದರಿಂದ ತಕರಾರು ಎತ್ತುವುದು ಕಷ್ಟ.

ಈ 'ಅನ್ಯ' ಎಂಬ ಪದವೇ ನಾವು ಹೇಳಬೇಕೆಂದಿರುವ ಮುಖ್ಯ ವಿಷಯ. ನಮ್ಮ ಶಾಲಾ ವ್ಯಾಕರಣಗಳು ಕನ್ನಡದ ಪದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯ ಎಂದು ವಿಂಗಡಿಸುತ್ತವೆ. ಸಂಸ್ಕೃತದ ಪದ ಇದ್ದ ಹಾಗೆಯೇ ಇದ್ದರೆ ತತ್ಸಮ, ಬದಲಾದರೆ ತದ್ಭವ. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಈ ಬದಲಾವಣೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಆಕಾಶ ಆಗಸವಾದದ್ದು, ಕಾರ್ಯ ಕಜ್ಜವಾದದ್ದು, ಪಕ್ಷಿ ಹಕ್ಕಿಯಾದದ್ದು ತಪ್ಪಲ್ಲ, ಕನ್ನಡದ ಹಕ್ಕು ಎಂಬುದನ್ನು ಕನ್ನಡ ವ್ಯಾಕರಣ ಅಂದೇ ಒಪ್ಪಿದೆ. ಬಹಳ ದೊಡ್ಡ ಮನಸ್ಸಿನ ವ್ಯಾಕರಣ ಅದು. ಸಂಸ್ಕೃತದ ಆಕಾರ ಕನ್ನಡದಲ್ಲಿ ಎಕಾರವಾಗುತ್ತದೆ: ಮಾಲಾ ಮಾಲೆ, ಶಾಲಾ ಶಾಲೆ, ಸಭಾ ಸಭೆ. ಅದೇ ದಾರಿಯಲ್ಲಿ ನಮೂನಾ ನಮೂನೆಯಾಯಿತು, ಕಾಯ್ದಾ ಕಾಯ್ದೆಯಾಯಿತು, ದವಾಖಾನಾ ದವಾಖಾನೆಯಾಯಿತು, ಜಿಲಾ ಜಿಲ್ಲೆಯಾಯಿತು. ವ್ಯಂಜನದಲ್ಲಿ ಮುಗಿದ ಜಮೀನ್, ಕಾನೂನ್‌ಗಳಿಗೆ ಕನ್ನಡದ ಉಕಾರ ಹತ್ತಿ ಜಮೀನು, ಕಾನೂನು ಆದವು. ನಿಯಮ ಒಂದೇ, ನಾಲಿಗೆ ಒಂದೇ, ಒಗ್ಗಿಸಿಕೊಂಡ ಜನವೂ ಒಂದೇ. ಆದರೆ ಮಾಲೆ ತದ್ಭವ, ಜಿಲ್ಲೆ ಅನ್ಯದೇಶ್ಯ. ಶತಮಾನಗಳಿಂದ ಈ ಮನೆಯಲ್ಲಿದ್ದು, ಮನೆಯ ಹೊಲ ಉತ್ತು, ಲೆಕ್ಕ ಬರೆದ ಪದಕ್ಕೆ ಇನ್ನೂ ಜಗಲಿಯೇ ಗತಿ. ಪರೀಕ್ಷೆಯಲ್ಲಿ 'ರೈತ: ಅನ್ಯದೇಶ್ಯ ಪದ' ಎಂದು ಬರೆದ ಮಗುವಿಗೆ ಒಂದು ಅಂಕ.

ಮೂಲವನ್ನು ಗುರುತಿಸುವುದು ಬೇಡ ಎಂದು ನಾವು ಹೇಳುತ್ತಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಕೂಡ ಹಿಂದೂಸ್ಥಾನಿ, ಮರಾಠಿಯಿಂದ ಬಂದ ಪದಗಳಿಗೆ ಗುರುತು ಹಾಕಿದೆ. ಅದು ವಿದ್ವಾಂಸನ ಕೆಲಸ. ಬಂದ ದಾರಿ ಹೇಳುವುದು ಬೇರೆ, ಬಂದವನನ್ನು ಅನ್ಯ ಎಂದು ಕರೆಯುತ್ತಲೇ ಇರುವುದು ಬೇರೆ. ಪಾತೂರು ಎಂಬ ಸಣ್ಣ ಊರಿನ ಪ್ರಕರಣ ಇಲ್ಲಿ ನೆನಪಾಗುತ್ತದೆ. ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಆ ಪುರಸಭೆಯ ನಾಮಫಲಕದಲ್ಲಿ ಮರಾಠಿಯ ಜೊತೆಗೆ ಉರ್ದು ಇರಬಾರದೆಂದು ದಾವೆ ಹೂಡಿದ್ದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ದಾವೆಯನ್ನು ತಳ್ಳಿಹಾಕಿತು. ಉರ್ದು ಈ ನೆಲದಲ್ಲೇ ಹುಟ್ಟಿದ ಭಾಷೆ ಎಂದಿತು. ನ್ಯಾಯಾಲಯದ ನಿತ್ಯದ ಮಾತಿನಲ್ಲೇ ಅದಾಲತ್, ಹಲಫ್‌ನಾಮಾ, ಪೇಶಿ ಮುಂತಾದ ಉರ್ದು ಪದಗಳಿರುವುದನ್ನೂ ತೀರ್ಪು ಎತ್ತಿ ತೋರಿಸಿತು. ನಮ್ಮ ತಾಲೂಕು ಕೋರ್ಟುಗಳಲ್ಲೂ ಅಷ್ಟೆ. ವಕೀಲ, ವಕಾಲತ್ತು, ಫಿರ್ಯಾದಿ, ಜಾಮೀನು, ಜಪ್ತಿ, ರಾಜಿ ಇವನ್ನೆಲ್ಲ ಹೊರಗೆ ಹಾಕಿದರೆ ಕನ್ನಡದಲ್ಲಿ ಒಂದು ವ್ಯಾಜ್ಯವನ್ನು ನಡೆಸಲು ಸಾಧ್ಯವೇ?

ವ್ಯಾಕರಣ ಪುಸ್ತಕದ ಅನ್ಯ ನಿರುಪದ್ರವಿ. ಪತ್ರಿಕೆಯ ಅನ್ಯ ಹಾಗಲ್ಲ. 'ಅನ್ಯಕೋಮಿನ ಯುವಕನ ಜೊತೆ ಯುವತಿ ಪ್ರಯಾಣ', 'ಭಿನ್ನಕೋಮಿನ ಜೋಡಿ ತಡೆದು ವಿಚಾರಣೆ'. ಕರಾವಳಿಯ ಸುದ್ದಿಗಳಲ್ಲಿ ಇಂಥ ಸಾಲುಗಳನ್ನು ಓದಿ ಓದಿ ನಮ್ಮ ಕಣ್ಣು ಒಗ್ಗಿಹೋಗಿದೆ. ನಮ್ಮ ದೃಷ್ಟಿಯಲ್ಲಿ ಇವತ್ತಿನ ಕನ್ನಡದ ಅತ್ಯಂತ ಕೆಟ್ಟ ಪದಪ್ರಯೋಗ ಇದು. ಹಾರ್ಧಿಕ ಶುಭಾಷಯ ಇದರ ಮುಂದೆ ದೇವರಂಥ ತಪ್ಪು. ವ್ಯಾಕರಣದ ಕಣ್ಣಿನಿಂದಲೇ ನೋಡಿ. ಅನ್ಯ ಎಂಬ ವಿಶೇಷಣ ಸಾಪೇಕ್ಷವಾದದ್ದು. ಯಾರಿಗೆ ಅನ್ಯ ಎಂದು ಹೇಳದೆ ಆ ಪದಕ್ಕೆ ಅರ್ಥವಿಲ್ಲ. ವರದಿಯಲ್ಲಿ ಅದನ್ನು ಹೇಳುವುದೇ ಇಲ್ಲ. ಓದುಗನೇ ತುಂಬಿಕೊಳ್ಳಬೇಕು. ಹಾಗೆ ತುಂಬಿಕೊಂಡಾಗ ಪತ್ರಿಕೆ, ವರದಿಗಾರ, ಓದುಗ ಎಲ್ಲರೂ ಒಂದು ಕಡೆ ಆಗುತ್ತಾರೆ, ಆ ಯುವಕ ಇನ್ನೊಂದು ಕಡೆ. ಅದೇ ಪತ್ರಿಕೆಗೆ ಚಂದಾ ಕೊಟ್ಟು ಓದುವ ನಾವು ಯಾವ ಕಡೆ? ನಮ್ಮ ಮನೆಯ ಹುಡುಗ ನಮಗೆ ಅನ್ಯನಾಗುವುದು ಹೇಗೆ? ಹೆಸರು ಹೇಳಬಾರದೆಂಬ ಸಂಯಮ ಇದು ಎಂದು ಸಮರ್ಥಿಸುವವರಿದ್ದಾರೆ. ಸಂಯಮವೇ ಆಗಿದ್ದರೆ 'ಇಬ್ಬರು ಸಹಪಾಠಿಗಳನ್ನು ಗುಂಪೊಂದು ತಡೆಯಿತು' ಎಂದು ಬರೆಯಬಹುದಿತ್ತು. ಸುದ್ದಿ ಇರುವುದು ತಡೆದ ಗುಂಪಿನಲ್ಲಿ. ಆ ಗುಂಪಿಗೆ ಮಾತ್ರ ಕೋಮು ಇರುವುದಿಲ್ಲ.

'ಕೋಮು' ಪದದ ಗತಿಯೂ ಮರುಕ ಹುಟ್ಟಿಸುತ್ತದೆ. ಕೌಮ್ ಎಂದರೆ ಜನಾಂಗ, ಸಮುದಾಯ, ರಾಷ್ಟ್ರ. ಉರ್ದುವಿನಲ್ಲಿ ರಾಷ್ಟ್ರಗೀತೆಗೆ ಕೌಮಿ ತರಾನಾ ಎನ್ನುತ್ತಾರೆ. ಕನ್ನಡದಲ್ಲಿ ಕೋಮಿನ ಪಕ್ಕ ಗಲಭೆ, ದ್ವೇಷ, ಸಂಘರ್ಷ ಬಿಟ್ಟು ಬೇರೆ ಪದ ಸುಳಿಯುವುದೇ ಅಪರೂಪ. ಫತ್ವಾ ಎಂದರೆ ಕೇಳಿದ ಪ್ರಶ್ನೆಗೆ ಶಾಸ್ತ್ರ ಬಲ್ಲವರು ಕೊಡುವ ಅಭಿಪ್ರಾಯ. ನಮ್ಮ ರಾಜಕೀಯ ವರದಿಗಳಲ್ಲಿ ಹೈಕಮಾಂಡ್ ಕೂಡ ಫತ್ವಾ ಹೊರಡಿಸುತ್ತದೆ, ಶಾಸಕರು ತೆಪ್ಪಗೆ ಪಾಲಿಸುತ್ತಾರೆ. ರೈತನನ್ನು ಎತ್ತಿ ನಿಲ್ಲಿಸಿದ ಅದೇ ಕನ್ನಡ ಈ ಪದಗಳನ್ನು ಹೀಗೇಕೆ ಮಾಡಿತು? ಒಂದು ವ್ಯತ್ಯಾಸವಿದೆ. ರೈತ, ರಜೆ, ಸಬೂಬುಗಳನ್ನು ಬದಲಾಯಿಸಿದ್ದು ಜನರ ಬಾಯಿ. ಬಳಸಿ ಬಳಸಿ ಸವೆದವು. ಕೋಮು, ಫತ್ವಾಗಳನ್ನು ಬದಲಾಯಿಸಿದ್ದು ಸುದ್ದಿಮನೆಯ ಮೇಜು. ಸವೆದ ನಾಣ್ಯ ಬೇರೆ, ಖೋಟಾ ನಾಣ್ಯ ಬೇರೆ.

ಸಿನಿಮಾದ ವ್ಯಾಕರಣಕ್ಕೆ ಬರೋಣ. ಕನ್ನಡ ಚಿತ್ರಗಳ ಹಾಸ್ಯದ ಸಾಬ 'ಅರೆ ಇಸ್ಕಿ, ನಮ್ದೂಕೆ ನಿಮ್ದೂಕೆ' ಎನ್ನದೆ ಬಾಯಿ ತೆರೆಯುವುದಿಲ್ಲ. ದಖನಿ ಮನೆಮಾತಿನವರು ಕನ್ನಡ ಕಲಿಯುವಾಗ ತಪ್ಪುವುದು ನಿಜ, ಅದಕ್ಕೆ ವ್ಯಾಕರಣದಲ್ಲೇ ಕಾರಣವಿದೆ. ಉರ್ದುವಿನಲ್ಲಿ ನಪುಂಸಕ ಲಿಂಗವಿಲ್ಲ. ಕುರ್ಚಿ ಹೆಣ್ಣು, ಮನೆ ಗಂಡು. 'ನಾನು ಹೋಗುತ್ತೇನೆ' ಎಂಬ ಮಾತಿಗೂ ಹೇಳುವವರು ಗಂಡೋ ಹೆಣ್ಣೋ ನೋಡಿ ಕ್ರಿಯಾಪದ ಬದಲಾಗುತ್ತದೆ. ಅಲ್ಲಿಂದ ಬಂದವರಿಗೆ ಕನ್ನಡದ ಅವನು ಅವಳು ಅದು, ತ್ತೇನೆ ತ್ತಾನೆ ತ್ತದೆ ಹಿಡಿತಕ್ಕೆ ಸಿಗಲು ಕಾಲ ಬೇಕು. ಉರ್ದು ಮಾತಾಡಲು ಹೊರಟ ಕನ್ನಡಿಗನೂ ರೊಟ್ಟಿಯನ್ನು ಗಂಡು ಮಾಡಿ, ನೀರನ್ನು ಹೆಣ್ಣು ಮಾಡಿ ಎಡವುತ್ತಾನೆ. ಅದರ ಮೇಲೆ ಯಾರೂ ಸಿನಿಮಾ ತೆಗೆದಿಲ್ಲ. ಇನ್ನೊಂದು ಸಂಗತಿ ಈ ಸಂಭಾಷಣೆಕಾರರಿಗೆ ತಿಳಿದೇ ಇಲ್ಲ: ದಖನಿಯ ಒಳಗೆ ಕುಳಿತಿರುವುದು ಕನ್ನಡ, ತೆಲುಗುಗಳ ವಾಕ್ಯ. 'ಆತೂಂ ಬೋಲ್ಕೆ ಬೋಲ್ಯಾ' ಎಂದು ನಮ್ಮ ಬೀದಿಗಳಲ್ಲಿ ಹೇಳುತ್ತಾರೆ. ಆ 'ಬೋಲ್ಕೆ' ಬೇರೇನೂ ಅಲ್ಲ, 'ಬರ್ತೀನಿ ಅಂತ ಹೇಳಿದ' ಎಂಬುದರ ಅಂತ. ಲಖನೌ, ದೆಹಲಿಯವರು ಇದನ್ನು ಕೇಳಿ ನಗುತ್ತಾರೆ. ಅಲ್ಲಿ ನಗುವುದು ನಮ್ಮೊಳಗಿನ ಕನ್ನಡತನಕ್ಕೆ, ಇಲ್ಲಿ ನಗುವುದು ನಮ್ಮೊಳಗಿನ ಉರ್ದುತನಕ್ಕೆ.

ಕರಾವಳಿಯ ಬ್ಯಾರಿಗಳ ಮನೆಮಾತು ಉರ್ದುವೇ ಅಲ್ಲ. ಭಟ್ಕಳದ ನವಾಯತರದು ಕೊಂಕಣಿಗೆ ಹತ್ತಿರದ ಮಾತು. ಅವರ ಬಾಯಲ್ಲಿ 'ನಮ್ದೂಕೆ' ಬರುವುದಾದರೂ ಹೇಗೆ? ಸಾರಾ ಅಬೂಬಕ್ಕರ್, ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿ ಅವರ ಕಥೆಗಳು ಬಂದು ನಾಲ್ಕು ದಶಕಗಳಾಗಿವೆ. ಅಲ್ಲಿನ ಪಾತ್ರಗಳು ಆಡುವ ಕನ್ನಡವನ್ನು ಓದಿಯಾದರೂ ಸಂಭಾಷಣೆ ಬರೆಯಬಹುದಿತ್ತು.

ಕಥೆ ಬರೆಯುವವರಿಗೆ ಇದರದೇ ಒಂದು ಸೂಕ್ಷ್ಮ ರೂಪ ಎದುರಾಗುತ್ತದೆ. ಹಿಂದೆ ಒಂದು ಪತ್ರಿಕೆಗೆ ಕಥೆ ಕಳಿಸಿದಾಗ ನಮ್ಮ 'ಖಾಲಾ', 'ವುಜೂ', 'ಇದ್ದತ್'ಗಳೆಲ್ಲ ಒಂಟಿ ಉದ್ಧರಣ ಚಿಹ್ನೆಯೊಳಗೆ ಸೇರಿ, ಕಥೆಯ ಕೊನೆಯಲ್ಲಿ ಪದಕೋಶವೊಂದು ಬಾಲದಂತೆ ಅಂಟಿಕೊಂಡು ಬಂತು. ಖಾಲಾ ಎಂದರೆ ತಾಯಿಯ ತಂಗಿ ಎಂದು ಅಲ್ಲಿ ವಿವರಣೆ. ಅದೇ ಸಂಚಿಕೆಯ ಇನ್ನೊಂದು ಕಥೆಯಲ್ಲಿ ಮಡಿ, ಸೂತಕ, ಬಾಗಿನ ಎಲ್ಲ ಇದ್ದವು. ಯಾವುದಕ್ಕೂ ಚಿಹ್ನೆಯಿಲ್ಲ, ವಿವರಣೆಯಿಲ್ಲ. ಬಾಗಿನವೆಂದರೇನು ಎಂದು ನಾವು ಕಥೆ ಓದುತ್ತ ಓದುತ್ತ ಕಲಿತವರು. ಖಾಲಾ ಯಾರೆಂದು ಹಾಗೆಯೇ ಕಲಿಯಬಾರದೇಕೆ? 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಹಿಗ್ಗಿದೆವು. ಅನುವಾದಕಿ ದೀಪಾ ಭಾಸ್ತಿ ಆ ಪುಸ್ತಕದಲ್ಲಿ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರದಲ್ಲಿ ಹಾಕುವುದನ್ನು ಬೇಕೆಂದೇ ಬಿಟ್ಟಿದ್ದಾರೆ, ಅದಕ್ಕೆ ಕಾರಣವನ್ನೂ ಬರೆದಿದ್ದಾರೆ. ಇಂಗ್ಲಿಷ್ ಓದುಗರು ಚಿಹ್ನೆಯಿಲ್ಲದೆ ಓದಿ ಬಹುಮಾನ ಕೊಟ್ಟರು. ಕನ್ನಡದ ಓದುಗನಿಗೆ ಮಾತ್ರ ಪಕ್ಕದ ಮನೆಯ ಖಾಲಾಳನ್ನು ಚಿಹ್ನೆ ಹಾಕ್ಕೊಂಡೇ ಪರಿಚಯಿಸಬೇಕೆ?

ಕೊನೆಗೆ ಹೆಸರುಗಳು. ಪದದ ಕಾಗುಣಿತ ಎಲ್ಲರ ಸೊತ್ತು, ಹೆಸರಿನ ಕಾಗುಣಿತ ಒಬ್ಬರ ಸೊತ್ತು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಮಹಾಪ್ರಾಣ ಬೇಡ ಎಂದು ವಾದಿಸಿ ತಮ್ಮ ಹೆಸರನ್ನೇ 'ಶಂಕರ ಬಟ್' ಎಂದು ಬರೆದುಕೊಂಡರು. ಅದು ಅವರ ಹಕ್ಕು. ಈ ಸಾಲಿನ ಆರಂಭದಲ್ಲಿ ನಾವು ಹಾಕಿದ ಭಕಾರವನ್ನು ಅವರ ಅಭಿಮಾನಿಗಳು ಆಕ್ಷೇಪಿಸಿದರೆ ಅದೂ ನ್ಯಾಯವೇ. ಕನ್ನಡ ವರ್ಣಮಾಲೆಯ ಞ ಅಕ್ಷರವನ್ನು ಮಕ್ಕಳು ತಿದ್ದಿ ಕಲಿತು ಮತ್ತೆ ಎಲ್ಲೂ ಕಾಣುವುದಿಲ್ಲ. ಕಾಣುವುದಿದ್ದರೆ ಬೊಳುವಾರು ಮಹಮದ್ ಕುಂಞಿಯಂಥ ಹೆಸರುಗಳಲ್ಲಿ. ಯಾರಿಗೂ ಬೇಡವಾದ ಅಕ್ಷರಕ್ಕೆ ಒಂದು ಮನೆ ಕೊಟ್ಟ ಹೆಸರನ್ನು ಎಷ್ಟೋ ಕಡೆ 'ಕುಂಜಿ', 'ಕುಂಇ' ಎಂದೆಲ್ಲ ಹಾಕುತ್ತಾರೆ.

'ಅಬ್ದುಲ್' ಎಂದು ಅರ್ಧ ಹೆಸರು ಬರೆಯುವುದು ಇನ್ನೊಂದು ರೋಗ. ಅಬ್ದುಲ್ ಎಂದರೆ 'ದಾಸ'ನಷ್ಟೇ. ಯಾರ ದಾಸ ಎಂಬುದು ಮುಂದಿನ ಪದದಲ್ಲಿದೆ. ಅಬ್ದುಲ್ ರಹಮಾನ್ ಎಂಬವರನ್ನು ವರದಿಯ ಎರಡನೆಯ ವಾಕ್ಯದಿಂದ 'ಅಬ್ದುಲ್' ಎಂದರೆ ದೇವರ ಹೆಸರನ್ನು ಕತ್ತರಿಸಿ ದಾಸ್ಯವನ್ನು ಮಾತ್ರ ಉಳಿಸಿದಂತೆ. ಈ ಹೆಸರನ್ನೇ ಅಬ್ದುರ್ರಹ್ಮಾನ್ ಎಂದೂ ಬರೆಯುತ್ತಾರೆ. ಲಕಾರ ರಕಾರವಾಗುವುದು ಅರಬಿಯ ಸಂಧಿ. ಲೋಪ, ಆಗಮ, ಆದೇಶ ಕಲಿತ ಕನ್ನಡಿಗನಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಕಷ್ಟ ಇರುವುದು ಕಚೇರಿಗಳಲ್ಲಿ. ಪಹಣಿಯಲ್ಲಿ ಶೇಕ್, ಪಡಿತರ ಚೀಟಿಯಲ್ಲಿ ಷೇಖ್, ಮತದಾರರ ಪಟ್ಟಿಯಲ್ಲಿ ಶೈಕ್, ಮಗನ ಅಂಕಪಟ್ಟಿಯಲ್ಲಿ ಶೇಖ. ನಾಲ್ಕನ್ನೂ ಬರೆದದ್ದು ನಾಲ್ಕು ಮಂದಿ ನೌಕರರು, ಹೆಸರಿನ ಒಡೆಯನಲ್ಲ. ನಾಲ್ಕೂ ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ದುಡ್ಡು ತೆರಬೇಕಾದವನು ಅವನು.

ಇದು ದುಡ್ಡಿನಲ್ಲಿ ಮುಗಿದರೆ ಪುಣ್ಯ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿಯ ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಎಲ್ಲ ಧರ್ಮದವರೂ ಇದ್ದರು. ದಾಖಲೆಯಿಂದ ದಾಖಲೆಗೆ ಹೆಸರಿನ ಅಕ್ಷರ ಕೂಡದಿದ್ದದ್ದು ಅಲ್ಲಿನ ಜನರನ್ನು ಅಲೆಸಿದ ಕಾರಣಗಳಲ್ಲಿ ಒಂದು. ಅದೇ ರಾಜ್ಯದ ಒಬ್ಬ ವ್ಯಕ್ತಿಯನ್ನು ನ್ಯಾಯಮಂಡಳಿ ವಿದೇಶಿ ಎಂದು ಘೋಷಿಸಿತ್ತು. 2024ರ ಜುಲೈ 11ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹೆಸರಿನ ಕಾಗುಣಿತದಲ್ಲಿ, ದಿನಾಂಕದಲ್ಲಿ ಇರುವ ಸಣ್ಣ ವ್ಯತ್ಯಾಸಗಳನ್ನು ಹಿಡಿದು ಒಬ್ಬನ ಪೌರತ್ವ ಕಿತ್ತುಕೊಳ್ಳಲಾಗದು, ಮತದಾರರ ಪಟ್ಟಿಗಳಲ್ಲಿ ಇಂಥ ವ್ಯತ್ಯಾಸ ಇದ್ದದ್ದೇ ಎಂಬುದು ತೀರ್ಪಿನ ಸಾರ. ಅಷ್ಟರಲ್ಲಿ ಆ ಮನುಷ್ಯ ತೀರಿಹೋಗಿ ಎರಡು ವರ್ಷ ದಾಟಿತ್ತು. ಅನ್ಯದೇಶ್ಯ ಎಂಬುದು ಅಲ್ಲಿ ವ್ಯಾಕರಣದ ಪದವಾಗಿ ಉಳಿದಿರಲಿಲ್ಲ.

ಜೂನ್‌ನಲ್ಲಿ ಶಾಲೆಗಳು ತೆರೆಯುತ್ತವೆ. ಒಂದನೆಯ ತರಗತಿಗೆ ಮಗುವನ್ನು ಸೇರಿಸಲು ತಾಯಿ ಬಂದು ನಿಂತಿರುತ್ತಾಳೆ, ಮೇಷ್ಟ್ರು ದಾಖಲಾತಿ ಪುಸ್ತಕ ತೆರೆದು ಹೆಸರು ಕೇಳುತ್ತಾರೆ. ಮುಂದೆ ಆ ಮಗುವಿನ ಎಲ್ಲ ಕಾಗದಗಳಿಗೂ ಅದೇ ಮೂಲ. ಸುಮಯ್ಯಾ ಎಂದು ಆಕೆ ಹೇಳಿದ್ದನ್ನು ಸುಮ ಎಂದೋ ಸೋಮಯ್ಯ ಎಂದೋ ಬರೆಯುವ ಮೊದಲು ಇನ್ನೊಮ್ಮೆ ಹೇಳಿಸಿಕೊಳ್ಳಲು, ಆಸ್ಪತ್ರೆಯ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಲು ಎರಡು ನಿಮಿಷ ಸಾಕು. ಬರೆದಾದ ಮೇಲೆ ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ 'ಸರಿಯಾಗಿದೆಯೇನಮ್ಮಾ, ಓದಿ ನೋಡಿ' ಎನ್ನಬಹುದು. ಆಕೆಗೆ ಕನ್ನಡ ಓದಲು ಬಾರದಿದ್ದರೆ ಹೊರಗೆ ನಿಂತಿರುವ ಅಕ್ಕನೋ ಅಣ್ಣನೋ ನಾಲ್ಕನೆಯ ತರಗತಿಯಲ್ಲಿ ಇದ್ದೇ ಇರುತ್ತಾರೆ.